ಕೇಕ್ ಮಾರಿ ಕೊಂಡ ಕವಚ

ವಾಷಿಂಗ್ಟನ್ನಿನಲ್ಲಿ ಸಂಸದರೊಬ್ಬರ ಕಚೇರಿಯ ಹೊರಗೆ ಕೂತು ಕಾಯುತ್ತಿದ್ದ ಆರ್ಲೀನಳ ಕಿವಿಗೆ ಪಕ್ಕದಲ್ಲಿದ್ದ, ಒಂದೇ ಚರ್ಚಿನ ಇಬ್ಬರು ಹೆಂಗಸರ ಮಾತು ಬಿತ್ತು. ಅವಳ ಮಗನೂ ಇರಾಕಿಗೆ ಹೊರಟು ನಿಂತಿದ್ದ.

“ಹುಡುಗರನ್ನ ವಾಪಸ್ ಕರೆಸೋ ತಾರೀಖು ಹೇಳಿ, ಆಮೇಲೆ ಯುದ್ಧಕ್ಕೆ ದುಡ್ಡು ಕೊಡಿ ಅಂತೀನಿ, ಸಿಸ್ಟರ್ ಯೂನಿಸ್.”

“ದುಡ್ಡು ತಡೆದ್ರೆ ನಿನ್ನ ಮಗನಿಗೇ ಎದೆಕವಚ ಸಿಗಲ್ಲ ಅಂತಾರೆ, ಲವರ್ನ್.”

“ಸರ್ಕಾರದವರೆಲ್ಲಿ ಕೊಟ್ರು? ಚರ್ಚಲ್ಲಿ ಕೇಕ್ ಮಾರಿ ನಾವೇ ಕೊಂಡು ಕಳಿಸಿದ್ವಲ್ಲ! ನಿಮ್ಮ ಸೀದುಹೋದ ಕೇಕನ್ನೂ ಜನ ಕೊಂಡ್ರು.”

ಯೂನಿಸ್ ನಗಲಿಲ್ಲ. “ನನ್ನ ಮಗ ಡೆಲ್ಬರ್ಟ್‌ಗೆ ಕಳಿಸಿದ್ದು ತಲುಪೋ ಹೊತ್ತಿಗೆ ಅವನೇ ಇರಲಿಲ್ಲ ಕಣೆ. ಕಟ್ಟು ಬಿಚ್ಚದೆ ವಾಪಸ್ ಬಂತು.”

“ಅಯ್ಯೋ… ಈ ಚೀಲದಲ್ಲಿರೋದು ಅದೇನಾ?”

“ಅದೇ. ಸಂಸದರ ಮೇಜಿನ ಮೇಲಿಟ್ಟು ಮಾತಾಡ್ತೀನಿ.”

ಒಳಗಿನಿಂದ ಕರೆ ಬಂತು. ಇಬ್ಬರೂ ಚೀಲದ ಒಂದೊಂದು ಹಿಡಿಕೆ ಹಿಡಿದು ಎತ್ತಿದರು. ಆರ್ಲೀನ್ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟಳು.