ಚಿನ್ನದ ತಕ್ಕಡಿಯಲ್ಲಿ ಸೊಪ್ಪು

ಆಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುತ್ತ ಕನಸು ಕಾಣುತ್ತಿದ್ದ ದರ್ಜಿ ಹುಡುಗಿಯ ಕಿವಿ, ಪಕ್ಕದವರ ಮಾತಿಗೆ ನೆಟ್ಟಗಾಯಿತು. ಒಬ್ಬರು ವಯಸ್ಸಾದ ಅಕ್ಕಸಾಲಿಗ, ಇನ್ನೊಬ್ಬರು ಅವರ ಅಕ್ಕ. ಅಕ್ಕನ ಮಡಿಲಲ್ಲಿ ಅಕ್ಕಸಾಲಿಗರ ಮೊಮ್ಮಗಳು ನಿದ್ದೆಹೋಗಿದ್ದಳು.

“ಅಲ್ವೋ, ಮಗುಗೆ ಅನ್ನ ಇಲ್ಲ, ಸಕ್ಕರೆ ಇಲ್ಲ, ಬರೀ ಎಣ್ಣೆ. ಇದ್ಯಾವ ಸೀಮೆ ಪಥ್ಯನೋ?”

“ಕೀಟೋ ಅಂತಾರಕ್ಕ. ಮೂರ್ಛೆ ನಿಲ್ಲೋಕೆ ಡಾಕ್ಟರೇ ಹೇಳಿದ್ದು.”

“ಬೆಣ್ಣೆ, ಮೊಟ್ಟೆನಾದ್ರೂ ಕೊಡಬಾರ್ದಾ?”

“ಹಾಲು, ಮೊಟ್ಟೆ, ಕಡಲೇಕಾಯಿ ಮೂರೂ ಅಲರ್ಜಿ. ಬಾಯಿಗಿಟ್ರೆ ತುಟಿ ಊದ್ಕೊಳ್ಳುತ್ತೆ. ಉಳಿದಿದ್ದು ಮೀನು, ತೆಂಗಿನೆಣ್ಣೆ, ಬೆಣ್ಣೆಹಣ್ಣು, ಸೊಪ್ಪು. ಅದೂ ತೂಕ ಹಾಕಿ.”

“ಪಾಪ, ನಿನ್ನ ಸೊಸೆ!”

“ಅಡುಗೆ ಅವಳ್ದು, ತೂಕ ನಂದು. ಅಡುಗೆಮನೆ ತಕ್ಕಡಿ ಗ್ರಾಂ ಲೆಕ್ಕ ಸರಿಯಾಗಿ ತೋರಿಸಲ್ಲ ಅಂತ ಅಳ್ತಾ ಕೂತಿದ್ಲು. ಅಂಗಡಿಯಿಂದ ಚಿನ್ನ ತೂಗೋ ತಕ್ಕಡಿನೇ ಎತ್ಕೊಂಡು ಬಂದೆ.”

“ಚಿನ್ನದ ತಕ್ಕಡೀಲಿ ಸೊಪ್ಪಾ! ಜನ ನಗಲ್ವೇನೋ?”

“ನಗ್ಲಿ ಬಿಡು. ನಲವತ್ತು ವರ್ಷ ಚಿನ್ನ ತೂಗಿದೀನಿ, ಯಾವತ್ತೂ ಇಷ್ಟು ಉಸಿರು ಬಿಗಿ ಹಿಡಿದು ತೂಗಿರ್ಲಿಲ್ಲ.”

“ಗುಣ ಕಾಣ್ತಾ?”

“ದಿನಕ್ಕೆ ಐದಾರು ಸಲ ಮೂರ್ಛೆ ಬರ್ತಿತ್ತಲ್ಲಕ್ಕ? ಐವತ್ತೆರಡು ದಿನ ಆಯ್ತು, ಒಂದು ಸಲಾನೂ ಬಂದಿಲ್ಲ. ಇವತ್ತು ಒಂದು ಮಾತ್ರೆ ಕಡಿಮೆ ಮಾಡ್ತಾರಂತೆ.”

ಅಕ್ಕ ಮಗುವಿನ ಹಣೆ ಸವರಿದರು. ನರ್ಸ್ ಕರೆದಳು. ಅಕ್ಕಸಾಲಿಗರು ಮಗುವನ್ನು ಹೆಗಲಿಗೇರಿಸಿಕೊಂಡು ಎದೆ ಸೆಟೆಸಿ ನಡೆದರು. ಹಿಂದೆ ಉಳಿದ ಅಕ್ಕ ಸೆರಗಿನಿಂದ ಒಂದು ಪೊಟ್ಟಣ ಬಿಚ್ಚಿ ದರ್ಜಿ ಹುಡುಗಿಯ ಕೈಗೆ ತುರುಕಿದರು.

“ಮಿಠಾಯಿ ಕಣಮ್ಮ. ಕದ್ದು ತಿನ್ನಿಸೋಣ ಅಂತ ತಂದಿದ್ದೆ. ನೀನು ತಿನ್ನು. ನಮ್ಮ ಮಗು ಇದನ್ನೆಲ್ಲ ಮುಟ್ಟಲ್ಲ.”

ಅಷ್ಟು ಹೇಳಿ, ತಲೆಯೆತ್ತಿಕೊಂಡು ಒಳಗೆ ಹೋದರು.