ಖಾಲಿ ಗಾಡಿಗೆ ಮೂರು ಬೆಲ್

ಸಭೆಯ ಅಧ್ಯಕ್ಷರಾದ ಶ್ರೀ ನಾರ್ಮನ್ ಬ್ರಾಡ್‌ಬೆಂಟ್ ಅವರೇ, ಕೊರಳಿನಲ್ಲಿರುವ ಪದವಿಯ ಚಿನ್ನದ ಸರಪಳಿಯನ್ನು ತೆಗೆಯದೆಯೇ ಪೈ ತಿನ್ನುವ ಸಾಹಸ ಮಾಡಿದ ಮಾನ್ಯ ಮೇಯರ್ ಅವರೇ, ಆಲ್ಡರ್‌ಶಾ ಟ್ರಾಮ್ ಸಂಗ್ರಹಾಲಯದ ಸಂಬಳವಿಲ್ಲದ ಡ್ರೈವರುಗಳೇ, ಕಂಡಕ್ಟರುಗಳೇ, ಬಣ್ಣ ಬಳಿಯುವವರೇ, ಟೀ ಕಾಸುವವರೇ, ಮತ್ತು ಮೋಡ ಕಂಡು ಒಳಗೆ ಬಂದು ಹಾಗೆಯೇ ಸಭಿಕರಾಗಿಬಿಟ್ಟವರೇ,

ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಮ್ಯೂರಿಯಲ್ ಹೆಸ್ಕೆತ್. ನಾನು ಹದಿನಾಲ್ಕನೇ ನಂಬರಿನ ಟ್ರಾಮಿನ ಕಂಡಕ್ಟರ್. ಇಂದು ನಾವು ಬೀಳ್ಕೊಡುತ್ತಿರುವವರು ಅದೇ ಗಾಡಿಯ ಡ್ರೈವರ್ ಶ್ರೀ ಕ್ಲಿಫರ್ಡ್ ಹೆಸ್ಕೆತ್. ಇಬ್ಬರ ಮನೆತನದ ಹೆಸರೂ ಒಂದೇ ಇದೆಯಲ್ಲ ಎಂದು ಮೇಯರ್ ಅವರು ಆಗಲೇ ಕೇಳಿದರು. ಶ್ರೀಯುತರು ನನ್ನ ಮಾಜಿ ಗಂಡ. ವಿಚ್ಛೇದನವಾಗಿ ಬಹಳ ವರ್ಷಗಳಾದವು. ಹೆಸರನ್ನು ಹಳೆಯದಕ್ಕೆ ಬದಲಾಯಿಸಬೇಕೆಂದು ನಾನೂ ಅಂದುಕೊಂಡಿದ್ದೆ. ಆದರೆ ಕೋಟಿನ ಮೇಲಿನ ಹಿತ್ತಾಳೆಯ ಹೆಸರುಪಟ್ಟಿಯನ್ನು ಮತ್ತೆ ಮಾಡಿಸಬೇಕು, ಯಾರಿಗೆ ಬೇಕು ಆ ರಗಳೆ ಎಂದು ಬಿಟ್ಟುಬಿಟ್ಟೆ.

ಸನ್ಮಾನಿತರ ಕುರ್ಚಿ ಖಾಲಿ ಇರುವುದನ್ನು ತಾವೆಲ್ಲ ನೋಡಿದ್ದೀರಿ. ದಯವಿಟ್ಟು ಯಾರೂ ತಪ್ಪು ತಿಳಿಯಬಾರದು. ಎಡಗಡೆಯ ಕಿಟಕಿಯಿಂದ ನೋಡಿದರೆ ಹದಿನಾಲ್ಕನೇ ನಂಬರ್ ನಿಂತಿದೆ, ಅದರ ಮುಂಭಾಗದಲ್ಲಿ ಡ್ರೈವರ್ ನಿಲ್ಲುವ ಅಟ್ಟಣೆಯಲ್ಲಿ ಒಂದು ಟೋಪಿ ಕಾಣುತ್ತದೆ. ಆ ಟೋಪಿಯ ಕೆಳಗಿರುವವರೇ ಶ್ರೀಯುತರು. ಬೆಳಿಗ್ಗೆ ನಾರ್ಮನ್ ಹೋಗಿ ಎಷ್ಟು ಕರೆದರೂ ಬರಲಿಲ್ಲ. "ಗಾಡಿ ನೆತ್ತಿ ಮೇಲಿನ ಕೋಲು ಕರೆಂಟಿನ ತಂತಿಗೆ ತಾಗಿರೋವಾಗ ಡ್ರೈವರ್ ಗಾಡಿ ಬಿಟ್ಟು ಇಳಿಯೋ ಹಾಗಿಲ್ಲ. ಹೊಗಳೋದೆಲ್ಲ ನೀವೇ ಹೊಗಳ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ" ಎಂದರಂತೆ. ಕೋಲನ್ನು ತಂತಿಯಿಂದ ಇಳಿಸಿದರಾಯಿತಲ್ಲ ಎಂದು ತಾವು ಕೇಳಬಹುದು. ಅವರನ್ನು ಬಲ್ಲವರು ಯಾರೂ ಕೇಳುವುದಿಲ್ಲ.

ಕಾರ್ಯಕ್ರಮ ಹೀಗಿದೆ. ನನ್ನ ಭಾಷಣ ಮುಗಿದ ಕೂಡಲೇ ಎಲ್ಲರೂ ಗಾಡಿ ಹತ್ತುವುದು. ಶ್ರೀಯುತರು ಹಳಿಯ ಕೊನೆಯ ನಿಲ್ದಾಣವಾದ ಕಲ್ಲುಗಣಿಯವರೆಗೆ ಹೋಗಿ ಹಿಂದಿರುಗುವುದು. ಅದೇ ಅವರ ಕೊನೆಯ ಓಟ. ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾರ್ಮನ್, ಈಗಲೇ ಕೈಗಡಿಯಾರ ನೋಡಬೇಡಿ, ಅಧ್ಯಕ್ಷರಿಗೆ ಅದು ಶೋಭೆಯಲ್ಲ.

ಸಭಿಕರೇ, ಈ ಗಾಡಿ ನಮಗೆ ಸಿಕ್ಕಿದ್ದು ಕೋಳಿಗೂಡಾಗಿ. ಊರಿನಲ್ಲಿ ಟ್ರಾಮ್ ನಿಂತುಹೋದಾಗ ಚಕ್ರ ಕಳಚಿ, ಮೈಯನ್ನು ಯಾರೋ ರೈತನಿಗೆ ಮಾರಿದ್ದರು. ಯುದ್ಧದ ಕಾಲದಲ್ಲಿ ನನ್ನ ತಾಯಿ ಅದೇ ಗಾಡಿಯಲ್ಲಿ ಕಂಡಕ್ಟರ್ ಆಗಿದ್ದವರು. ಹೊಲದಲ್ಲಿ ಅದನ್ನು ಗುರುತಿಸಿ ನಾನು ಬಾಗಿಲು ತೆರೆದರೆ ಒಳಗೆ ಒಬ್ಬ ತೆಳ್ಳನೆಯ ಯುವಕ ಮಂಡಿಯೂರಿ ಕೋಳಿ ಹಿಕ್ಕೆ ಕೆರೆಯುತ್ತಿದ್ದ. ತಲೆ ಎತ್ತಿ, "ಬಾಗ್ಲು ಹಾಕಮ್ಮ, ಕೋಳಿ ಹೊರಗೆ ಹೋಗ್ತವೆ" ಎಂದ. ನಮ್ಮ ಮೊದಲ ಮಾತುಕತೆ ಅದು. ಮದುವೆಯಾದ ಮೇಲೂ ಎರಡು ಬೇಸಿಗೆ ನಾವು ಆ ಹಿಕ್ಕೆಯನ್ನೇ ಕೆರೆದೆವು. ಬೇರೆ ದಂಪತಿಗಳು ಸಮುದ್ರ ತೀರಕ್ಕೆ ಹೋಗುತ್ತಾರೆ. ನಮಗೇನೂ ಕಡಿಮೆಯಾಗಿರಲಿಲ್ಲ.

ಮರ ಸರಿಯಾಯಿತು, ಚಕ್ರ ಬಂತು, ಮೋಟಾರು ಬಂತು. ಆಮೇಲೆ ಎದ್ದಿತು ಪ್ರಶ್ನೆ. ಗಾಡಿಯನ್ನು ಯಾವ ಕಾಲದ ರೂಪಕ್ಕೆ ತರಬೇಕು? ಹೊರಗಿನವರಿಗೆ ಇದು ನಗುವ ವಿಷಯ. ನಮ್ಮಲ್ಲಿ ಇದಕ್ಕಾಗಿ ಸ್ನೇಹ ಮುರಿದಿದೆ, ಸಂಘಗಳೇ ಒಡೆದು ಎರಡಾಗಿವೆ. ಕಾರ್ಖಾನೆಯಿಂದ ಬಂದಾಗ ಹದಿನಾಲ್ಕನೇ ನಂಬರಿಗೆ ಮುಂಗಾಜು ಇರಲಿಲ್ಲ. ಡ್ರೈವರ್ ತೆರೆದ ಅಟ್ಟಣೆಯಲ್ಲಿ ನಿಂತು, ಬಂದ ಗಾಳಿ, ಬಂದ ಹಿಮ, ಬಂದ ಮಳೆಯನ್ನೆಲ್ಲ ಎದೆಗೊಡ್ಡಿ ಓಡಿಸಬೇಕಿತ್ತು. ಗಾಜು ಹಾಕಿದ್ದು ಎಷ್ಟೋ ವರ್ಷಗಳ ನಂತರ, ನನ್ನ ತಾಯಿ ಕೆಲಸಕ್ಕೆ ಸೇರುವ ಹೊತ್ತಿಗೆ.

ನಾನು ಸಮಿತಿಯ ಮುಂದೆ ಗಾಜು ಇರಲಿ ಎಂದೆ. ನನ್ನ ತಾಯಿ ದುಡಿದ ರೂಪದಲ್ಲೇ ಗಾಡಿ ನಿಲ್ಲಬೇಕು, ಆಕೆಯ ನೆನಪಿಗೆ ನಾವು ಅಷ್ಟಾದರೂ ಮಾಡಬಾರದೇ ಎಂದು ಕೇಳಿದೆ. ಸಾಕಷ್ಟು ಚೆನ್ನಾಗಿಯೇ ಮಾತಾಡಿದೆ. ಸಮಿತಿಯಲ್ಲಿದ್ದ ಎನಿಡ್ ಕ್ರಂಪ್ಟನ್ ಕಣ್ಣೊರೆಸಿಕೊಂಡಳು. ಆಗ ನನ್ನ ಗಂಡ ಎದ್ದು ನಿಂತರು. "ಹುಟ್ಟಿದಾಗ ಇಲ್ದೇ ಇದ್ದದ್ದನ್ನ ಅಂಟಿಸಿ ಜನಕ್ಕೆ ತೋರ್ಸೋದಕ್ಕೆ ಸುಳ್ಳು ಅಂತಾರೆ. ಅತ್ತೆ ಮೇಲೆ ನನಗೂ ಗೌರವ ಇದೆ. ಆದ್ರೆ ಇದು ಅತ್ತೆ ಫೋಟೋಗೆ ಚೌಕಟ್ಟು ಹಾಕ್ಸೋ ವಿಷಯ ಅಲ್ಲ" ಎಂದರು. ಒಂದೇ ಒಂದು ಮತದಿಂದ ಗಾಜು ಸೋತಿತು. ಆ ಮತ ಯಾರದೆಂದು ನಾನು ಹೇಳುವುದಿಲ್ಲ. ನಾರ್ಮನ್, ನೀರು ಕುಡಿಯಿರಿ.

ಒಂದು ವಿಷಯವನ್ನು ಅಂದು ಯಾರೂ ಗಮನಿಸಲಿಲ್ಲ. ಕಂಡಕ್ಟರ್ ನಿಲ್ಲುವುದು ಗಾಡಿಯ ಹಿಂಭಾಗದಲ್ಲಿ. ಮುಂಗಾಜಿನಿಂದ ನನ್ನ ತಾಯಿಗೆ ಮೂರು ಕಾಸಿನ ಪ್ರಯೋಜನ ಇರಲಿಲ್ಲ. ಗಾಜು ಇರುವುದು ಡ್ರೈವರಿಗೆ. ಶ್ರೀಯುತರದು ಚಿಕ್ಕಂದಿನಿಂದಲೂ ಹಾಳು ಎದೆ. ನವೆಂಬರ್ ಬಂತೆಂದರೆ ನಮ್ಮ ಮಲಗುವ ಕೋಣೆಯಲ್ಲಿ ಕುದಿಯುವ ಕೆಟಲ್ ಇಟ್ಟಂತೆ ಸದ್ದು. ಇದನ್ನು ಸಮಿತಿಯ ಮುಂದೆ ಹೇಳಲು ಬರುತ್ತದೆಯೇ? ಐತಿಹಾಸಿಕ ಸತ್ಯದ ಎದುರು ಒಬ್ಬನ ಕೆಮ್ಮು ನಿಲ್ಲುತ್ತದೆಯೇ? ಅದಕ್ಕೆ ಸತ್ತ ತಾಯಿಯನ್ನು ಕರೆತಂದೆ. ಇರಲಿ, ಇದು ಸಭೆಗೆ ಸಂಬಂಧಿಸಿದ್ದಲ್ಲ.

ಒಂದು ತುಂಡು ಗಾಜಿಗಾಗಿ ಹೆಸ್ಕೆತ್ ದಂಪತಿ ಬೇರೆಯಾದರು ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಅದು ತಪ್ಪು. ಬೇರೆ ಕಾರಣಗಳೂ ಇದ್ದವು. ಈಗ ನೆನಪಿಗೆ ಬರುತ್ತಿಲ್ಲ.

ವಿಚ್ಛೇದನದ ಕಾಗದ ಬಂದ ವಾರ ಡ್ಯೂಟಿ ಪಟ್ಟಿ ಬರೆಯುವ ಎನಿಡ್ ಫೋನ್ ಮಾಡಿದಳು. "ನಿಮ್ಮಿಬ್ಬರನ್ನ ಬೇರೆ ಬೇರೆ ಗಾಡಿಗೆ ಹಾಕ್ಲಾ ಮ್ಯೂರಿಯಲ್?" ಎಂದಳು. "ಅವರೇನಾದ್ರೂ ಕೇಳಿದ್ರಾ?" ಎಂದೆ. "ಅವರು ಕೇಳಿಲ್ಲ." "ಹಾಗಿದ್ರೆ ನಾನ್ಯಾಕೆ ಕೇಳ್ಲಿ?" ಎಂದೆ. ಆ ಭಾನುವಾರ ಇಬ್ಬರೂ ಹದಿನಾಲ್ಕರಲ್ಲೇ ಇದ್ದೆವು, ಅವರು ಮುಂದೆ, ನಾನು ಹಿಂದೆ. ಅಂದಿನಿಂದ ಇಂದಿನವರೆಗೆ ಪ್ರತಿ ಭಾನುವಾರವೂ ಹಾಗೆಯೇ. ಒಂದೇ ಮನೆಯಲ್ಲಿದ್ದಾಗ ನಾವು ಇಷ್ಟು ತಪ್ಪದೆ ಭೇಟಿಯಾದದ್ದಿಲ್ಲ.

ಮಾತು ಕಡಿಮೆ. ಮಾತು ಬೇಕಾಗಿಯೂ ಇಲ್ಲ, ಬೆಲ್ ಇದೆ. ಕಂಡಕ್ಟರ್ ಒಂದು ಬೆಲ್ ಹೊಡೆದರೆ ನಿಲ್ಲಿಸು ಎಂದು. ಎರಡು ಹೊಡೆದರೆ ಹೊರಡು ಎಂದು. ಮೂರು ಹೊಡೆದರೆ ಗಾಡಿ ತುಂಬಿದೆ, ಎಲ್ಲಿಯೂ ನಿಲ್ಲದೆ ನೇರ ನಡೆ ಎಂದು. ಮದುವೆಯಾದ ಜನಕ್ಕೂ ಇಷ್ಟೇ ಇದ್ದಿದ್ದರೆ ಸಾಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಒಂದು ಜನವರಿಯಲ್ಲಿ ಕಲ್ಲುಗಣಿಯಿಂದ ವಾಪಸು ಹೊರಟಾಗ ಗಾಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮುಖಕ್ಕೆ ರಾಚುವ ಅಡ್ಡಮಳೆ. ಆದರೂ ಪ್ರತಿ ನಿಲ್ದಾಣದಲ್ಲಿ ನಿಲ್ಲಿಸಿ, ಬಾರದ ಪ್ರಯಾಣಿಕರಿಗೆ ಕಾಯುವುದು ಶ್ರೀಯುತರ ಪದ್ಧತಿ. ನಾನು ಮೂರು ಬೆಲ್ ಹೊಡೆದೆ. ಅವರು ತಿರುಗಿ ಖಾಲಿ ಸೀಟುಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಷೆಡ್ಡಿನ ತನಕ ಗಾಡಿಯನ್ನು ಎಲ್ಲೂ ನಿಲ್ಲಿಸಲಿಲ್ಲ. ಟೀ ಕುಡಿಯುವಾಗ ಮಾತ್ರ, "ಖಾಲಿ ಗಾಡಿಗೆ ಮೂರು ಬೆಲ್ ಕೊಡೋ ಪದ್ಧತಿ ಎಲ್ಲೂ ಇಲ್ಲ, ಕಂಡಕ್ಟ್ರೇ" ಎಂದರು. "ನನಗೆ ತುಂಬಿದ ಹಾಗೆ ಕಾಣಿಸ್ತು, ಡ್ರೈವ್ರೇ" ಎಂದೆ. ಅವರ ಪಾಲಿನ ಶುಂಠಿ ಕೇಕನ್ನು ನನ್ನ ತಟ್ಟೆಗೆ ಸರಿಸಿ ಎದ್ದುಹೋದರು. ಆಮೇಲೆ ಮಳೆ ಬಂದಾಗಲೆಲ್ಲ ನಾನು ಮೂರು ಹೊಡೆದಿದ್ದೇನೆ. ಅಧ್ಯಕ್ಷರು ಶಿಸ್ತುಕ್ರಮ ಕೈಗೊಳ್ಳುವುದಿದ್ದರೆ ನಾಳೆಯಿಂದ ಕೈಗೊಳ್ಳಬಹುದು.

ಕಳೆದ ತಿಂಗಳು ಎನಿಡ್ ಮತ್ತೆ ಫೋನ್ ಮಾಡಿದಳು. "ಇನ್ಮೇಲೆ ನಿನಗೆ ಡ್ರೈವರ್ ಯಾರು ಬೇಕು ಹೇಳು" ಎಂದಳು. "ಯಾಕೆ, ಇರೋರಿಗೆ ಏನಾಗಿದೆ?" ಎಂದೆ. "ಅಯ್ಯೋ, ಅವರು ನಿನಗೆ ಹೇಳ್ಲಿಲ್ವಾ?" ಎಂದಳು. ಎದೆ ಪರೀಕ್ಷೆ ಮಾಡಿದ ಡಾಕ್ಟರು ಇನ್ನು ತೆರೆದ ಅಟ್ಟಣೆ ಹತ್ತಲೇಬಾರದು ಎಂದಿದ್ದರಂತೆ. ನನಗೆ ಹೇಳಿರಲಿಲ್ಲ. ಹೇಳಬೇಕಾದ ಸಂಬಂಧವೂ ಈಗ ಇಲ್ಲವಲ್ಲ? ಆದರೂ ನನಗೆ ಬಹಳ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅಳು ಬಂತು. ಮಾರನೆಯ ಭಾನುವಾರ ಇಬ್ಬರೂ ಎಂದಿನಂತೆ ಡ್ಯೂಟಿ ಮಾಡಿದೆವು. ಅವತ್ತು ಬಿಸಿಲಿತ್ತು.

ಹೌದು ನಾರ್ಮನ್, ಕಾಣಿಸಿತು. ಐದು ನಿಮಿಷ ಎಂದೋ ಮುಗಿದಿದೆ. ಈಕೆ ಯಾಕೆ ಹೀಗೆ ಎಳೆಯುತ್ತಿದ್ದಾಳೆ ಎಂದು ತಾವೆಲ್ಲ ಯೋಚಿಸುತ್ತಿರಬಹುದು. ಕಾರಣ ಸರಳವಾಗಿದೆ. ಹೊರಗೆ ನಿಂತಿರುವ ಮನುಷ್ಯ ನಿಯಮ ಮೀರುವವರಲ್ಲ. ಕಂಡಕ್ಟರ್ ಎರಡು ಬೆಲ್ ಕೊಡುವ ತನಕ ಅವರು ಗಾಡಿಯನ್ನು ಒಂದು ಅಂಗುಲವೂ ಕದಲಿಸುವುದಿಲ್ಲ. ಕಂಡಕ್ಟರ್ ಇಲ್ಲಿ ಮೈಕಿನ ಮುಂದೆ ಇದ್ದಾಳೆ. ನಾನು ಮಾತಾಡುತ್ತಿರುವಷ್ಟು ಹೊತ್ತು ಕೊನೆಯ ಓಟ ಶುರುವಾಗುವುದಿಲ್ಲ. ಶುರುವಾಗದ್ದು ಮುಗಿಯುವುದೂ ಇಲ್ಲ. ನನ್ನ ಬಳಿ ಕಲ್ಲುಗಣಿಯ ಇತಿಹಾಸವಿದೆ, ಹಳೆಯ ಟಿಕೆಟ್ಟುಗಳ ಬಣ್ಣದ ವಿಷಯವಿದೆ, ಸಂಜೆಯವರೆಗೂ ಮಾತಾಡಬಲ್ಲೆ. ಹಾಗೆಂದೇ ಸಿದ್ಧಳಾಗಿ ಬಂದಿದ್ದೆ.

ಆದರೆ ಸಭಿಕರೇ, ಎಡಗಡೆಯ ಕಿಟಕಿಯ ಮೇಲೆ ಹನಿ ಬೀಳುತ್ತಿದೆ.

ಆ ಗಾಡಿಗೆ ಮುಂಗಾಜಿಲ್ಲ. ಆ ಮನುಷ್ಯ ಟೋಪಿಯನ್ನು ಸ್ವಲ್ಪ ಕೆಳಗೆಳೆದುಕೊಂಡದ್ದನ್ನು ಬಿಟ್ಟರೆ ನಿಂತಲ್ಲೇ ನಿಂತಿದ್ದಾರೆ. ನಾನು ಬರುವ ತನಕ ಹಾಗೆಯೇ ನಿಂತಿರುತ್ತಾರೆ. ಆದ್ದರಿಂದ ಕಲ್ಲುಗಣಿಯ ಇತಿಹಾಸ ಇನ್ನೊಂದು ದಿನಕ್ಕಿರಲಿ. ತಾವೆಲ್ಲ ಬೇಗ ಬೇಗ ಹತ್ತಿ ಕುಳಿತುಕೊಳ್ಳಿ. ಎರಡು ಬೆಲ್ ಹೊಡೆಯುತ್ತೇನೆ. ಗಾಡಿ ಕದಲಿದ ಮೇಲೆ ಮೂರು ಹೊಡೆಯುತ್ತೇನೆ. ದಾರಿಯಲ್ಲಿ ಯಾವ ನಿಲ್ದಾಣವನ್ನೂ ಯಾರೂ ಕೇಳಬೇಡಿ, ಫೋಟೋಗೆ ನಿಲ್ಲಿಸಿ ಎನ್ನಬೇಡಿ. ಅವರು ಆದಷ್ಟು ಬೇಗ ಷೆಡ್ಡಿನೊಳಗೆ ಸೇರಲಿ.

ಪೈ ಬೇಯಿಸಿದವರಿಗೆ, ಕುರ್ಚಿ ಹಾಕಿದವರಿಗೆ, ಕೈಗಡಿಯಾರವನ್ನು ಕೊನೆಗೂ ಕೋಟಿನ ತೋಳಿನೊಳಗೆ ಮರೆಮಾಡಿದ ಅಧ್ಯಕ್ಷರಿಗೆ, ಇಷ್ಟು ಹೊತ್ತು ತಾಳಿಕೊಂಡ ತಮಗೆ ನನ್ನ ಕೃತಜ್ಞತೆಗಳು. ಬಾಗಿಲ ಹತ್ತಿರ ಇರುವವರು ದಯವಿಟ್ಟು ಸ್ವಲ್ಪ ದಾರಿ ಬಿಡಿ, ನಾನು ಮೊದಲು ಹೋಗಬೇಕು. ನಮಸ್ಕಾರ.