ಗೋಡೆಯೊಳಗಿನ ದೋಣಿಗೆ ಬೀಳ್ಕೊಡುಗೆ

ಮಾನ್ಯ ಅಧ್ಯಕ್ಷರೇ, ದೂರದಿಂದ ಬಂದ ಮುಖ್ಯ ಅತಿಥಿಗಳೇ, ಕುರ್ಚಿಗಳ ಮೇಲೆ ಕುಳಿತ ಸಭಿಕರೇ, ಕುರ್ಚಿ ಸಾಲದೆ ದೋಣಿಯೊಳಗೆ ಕುಳಿತ ಸಭಿಕರೇ,

ಸಭಾಭವನದೊಳಗೆ ದೋಣಿಗೇನು ಕೆಲಸ ಎಂದು ಅತಿಥಿಗಳು ಆಗಿನಿಂದ ಕಣ್ಣಲ್ಲೇ ಕೇಳುತ್ತಿದ್ದಾರೆ. ಹೇಳುತ್ತೇನೆ. ಚಂಡಮಾರುತ ಬಂದ ದಿನ ಸಮುದ್ರವು ನಮ್ಮ ದೋಣಿಗಳನ್ನೆಲ್ಲ ಸೌದೆ ಮಾಡಿ, ಇದೊಂದನ್ನು ಮಾತ್ರ ಎತ್ತಿ, ಈ ಭವನದ ಗೋಡೆ ಒಡೆದು ಒಳಗೆ ಕೂರಿಸಿ ಹೋಯಿತು. ಆಹ್ವಾನ ಪತ್ರಿಕೆ ಇಲ್ಲದೆ ಇಲ್ಲಿಗೆ ಬಂದ ಮೊದಲ ಗಣ್ಯರು ಇವರೇ.

ಇದು ನನ್ನ ಅಕ್ಕನ ದೋಣಿ. ನಾನೂ ಒಮ್ಮೆ ಇದರಲ್ಲಿ ಮೀನು ಹಿಡಿಯಲು ಹೋಗಿದ್ದೆ. ದಡ ಕಣ್ಮರೆಯಾಗುವ ಮೊದಲೇ ಹೊಟ್ಟೆಯಲ್ಲಿದ್ದುದೆಲ್ಲ ಸಮುದ್ರಾರ್ಪಣೆಯಾಯಿತು. "ನೀನು ನೆಲದ ಮೇಲೇ ಇರಪ್ಪ, ನಿನ್ನ ಪಾಲಿಗೂ ನಾನೇ ಕಡಲಿಗೆ ಹೋಗ್ತೀನಿ" ಎಂದಳು ಅಕ್ಕ. ಹಾಗೆ ನಾನು ಈ ಭವನದ ಕಾರ್ಯದರ್ಶಿಯಾದೆ.

ಮನೆಗಳ ಚಾವಣಿ ಹಾರಿಹೋಗಿದ್ದರಿಂದ ಊರಿಗೆ ಊರೇ ಇಲ್ಲಿತ್ತು. ದೋಣಿಯಲ್ಲಿ ಮಕ್ಕಳನ್ನು ಮಲಗಿಸಿದೆವು, ಅದರ ಅಂಚಿಗೆ ಬಟ್ಟೆ ಹರವಿದೆವು, ಒಳಗೆ ಕೂತು ತರಕಾರಿ ಹೆಚ್ಚಿದೆವು. ಅದು ದೋಣಿ ಎಂಬುದೇ ಮರೆತುಹೋಯಿತು. ಆಗ ಗಾರೆಕೆಲಸದ ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ಒಡೆದ ಗೋಡೆ ಕಟ್ಟಲು ನಿಂತರು. ಇಟ್ಟಿಗೆ ಎತ್ತಿಕೊಟ್ಟವರು ಯಾರು? ನಾವು. ಮರಳು ಹೊತ್ತವರು ಯಾರು? ನಾವು. ಗಾರೆ ಕಲಸಿಕೊಟ್ಟವರು ಯಾರು? ಸಾಕ್ಷಾತ್ ಅಕ್ಕ! ಬಣ್ಣ ಬಳಿದು, ಚಪ್ಪಾಳೆ ತಟ್ಟಿದ ಮೇಲೆ ಅಕ್ಕ ಕೇಳಿದಳು: "ರೀ, ದೋಣಿ ಯಾವ ಬಾಗಿಲಿಂದ ಹೋಗುತ್ತೆ?"

ಭಾವ ಬಾಗಿಲು ನೋಡಿದರು. ದೋಣಿ ನೋಡಿದರು. ಆಮೇಲೆ ಬಹಳ ಹೊತ್ತು ಚಾವಣಿ ನೋಡಿದರು.

"ನನ್ನ ಜನ್ಮದಲ್ಲಿ ಇಷ್ಟು ನೇರವಾದ ಗೋಡೆ ಕಟ್ಟಿಲ್ಲ ಕಣೇ. ಇದನ್ನ ಒಡೆಯೋದಾದ್ರೆ ಮೊದಲು ನನ್ನ ತಲೆ ಒಡೀರಿ!"

"ಅದನ್ನ ಒಡೆದ್ರೆ ದೋಣಿಗೆ ದಾರಿ ಆಗುತ್ತಾ?"

ಅಂದಿನಿಂದ ಗಂಡ ಹೆಂಡತಿಗೆ ಮಾತಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ನನ್ನ ಮೂಲಕವೇ ಅರ್ಜಿ.

ನಾಳೆ ಮೀನುಗಾರಿಕೆ ಶುರು. ಊರಿಗೆ ಉಳಿದಿರುವುದು ಇದೊಂದೇ ದೋಣಿ. ಇದು ನೀರಿಗಿಳಿಯದಿದ್ದರೆ ಮಗಳ ಊರಿಗೆ ಹೋಗಿ ಮೀನಿನ ಕಾರ್ಖಾನೆ ಸೇರುತ್ತೇನೆಂದು ಅಕ್ಕ ಮೊನ್ನೆ ಬಟ್ಟೆ ಗಂಟು ಕಟ್ಟಿದಳು. ಅಂದು ನನಗೆ ಊಟ ಸೇರಲಿಲ್ಲ. ಅಜೀರ್ಣವಿರಬೇಕು. ಅಜೀರ್ಣಕ್ಕೆ ಕಣ್ಣಲ್ಲೂ ನೀರು ಬರುತ್ತದೆಂದು ಆಗಲೇ ಗೊತ್ತಾಗಿದ್ದು.

ಇಂದು ಬೆಳಿಗ್ಗೆ ಬಂದು ನೋಡಿದರೆ, ಭಾವ ತಮ್ಮ ಗೋಡೆಯ ಮೇಲೆ ಸೀಮೆಸುಣ್ಣದಿಂದ ದೋಣಿಯಷ್ಟೇ ಅಗಲಕ್ಕೆ ಗೆರೆ ಎಳೆಯುತ್ತಿದ್ದರು. "ಇಷ್ಟೇ. ಇದಕ್ಕಿಂತ ಒಂದಿಟ್ಟಿಗೆ ಹೆಚ್ಚಿಗೆ ಒಡೆಯಲ್ಲ" ಎಂದು ನನಗೆ ಹೇಳಿದರು, ಅಕ್ಕನಿಗೆ ಕೇಳಿಸುವಷ್ಟು ಜೋರಾಗಿ. ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, ನೇರವಾಗಿ ಅವರಿಗೇ ಹೇಳಿದಳು: "ಎರಡೂ ಕಡೆ ಒಂದೊಂದು ಗೇಣು ಬಿಡ್ರೀ. ದೋಣಿ ಪಕ್ಕ ಹಿಡ್ಕೊಂಡು ನೀವೂ ಬರ್ಬೇಕಲ್ಲ, ನಿಮ್ಮ ಹೊಟ್ಟೆ ಸಿಕ್ಕಿಹಾಕ್ಕೊಂಡ್ರೆ?"

ಆದ್ದರಿಂದ ಮಹನೀಯರೇ, ದುರಸ್ತಿಯಾದ ಭವನದ ಉದ್ಘಾಟನೆಗೆ ಇಂದು ನಾವು ಟೇಪು ಕತ್ತರಿಸುವುದಿಲ್ಲ, ಗೋಡೆ ಒಡೆಯುತ್ತೇವೆ. ಮೊದಲ ಏಟು ಭಾವನದು, ಎರಡನೆಯದು ಅಕ್ಕನದು. ಮುಖ್ಯ ಅತಿಥಿಗಳು ದಯವಿಟ್ಟು ಕೋಟು ಬಿಚ್ಚಿಟ್ಟು ದೋಣಿಯ ಹಿಂಭಾಗಕ್ಕೆ ಹೆಗಲು ಕೊಡಬೇಕು. ಚಂಡಮಾರುತವೊಂದನ್ನು ಬಿಟ್ಟು ಉಳಿದೆಲ್ಲರಿಗೂ ನಾವು ಋಣಿಗಳು. ದೂಳು ಏಳುವ ಮುನ್ನವೇ ಹೇಳಿಬಿಡುತ್ತೇನೆ, ನಮಸ್ಕಾರ.